ಎಡಗೈ ಆಕಾಶ ನೋಡಬೇಕು

ಡ್ರಿಲ್ ಮೇಷ್ಟ್ರ ಮಗಳು ಕವರು ಕೈಗಿಟ್ಟು, "ಅಣ್ಣಾ, ಇದರಲ್ಲಿ ನೀವೂ ಇರಬೇಕು ನೋಡಿ. ಅಪ್ಪನ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಅಡಿ ಸಿಕ್ಕಿತು" ಅಂದಳು. ಮೇಷ್ಟ್ರು ಹೋಗಿ ಬಹಳ ವರ್ಷವಾಯಿತು. ಈಗ ಮನೆ ಖಾಲಿ ಮಾಡುತ್ತಿದ್ದರು. ಹಿತ್ತಾಳೆ ಪಾತ್ರೆ ಒಂದು ಕಡೆ, ಹಳೇ ಪುಸ್ತಕ ಒಂದು ಕಡೆ. ನಡುವೆ ನನ್ನ ಪಾಲಿಗೆ ಬಂದದ್ದು ಪೋಸ್ಟ್ ಕಾರ್ಡಿನಷ್ಟು ಅಗಲದ ಒಂದು ಕಪ್ಪುಬಿಳುಪು ಫೋಟೋ.

ಅಂಚು ಹಳದಿಗೆ ತಿರುಗಿದೆ, ಒಂದು ಮೂಲೆಯನ್ನು ಜಿರಳೆ ಮೆದ್ದಿದೆ. ಬಿಳಿ ಅಂಗಿ, ಚಡ್ಡಿ ತೊಟ್ಟ ಹನ್ನೆರಡು ಹುಡುಗರು ಬ್ಯಾಂಡು ಬಾರಿಸುತ್ತಾ ರಸ್ತೆಯಲ್ಲಿ ಬರುತ್ತಿದ್ದಾರೆ. ಮುಂದೆ ಕೋಲು ಹಿಡಿದವನೊಬ್ಬ, ಬ್ಯೂಗಲ್ಲಿನವರು ಇಬ್ಬರು, ಸೈಡ್ ಡ್ರಮ್ಮಿನವರು ಆರು ಜನ, ಹಿಂದೆ ತಾಳ, ಟ್ರಯಾಂಗಲ್, ನಡುವೆ ದೊಡ್ಡ ಡ್ರಮ್ಮು. ರಸ್ತೆ ಬದಿಗೆ ಹೆಂಗಸರು, ಮಕ್ಕಳು, ಕುರ್ಚಿಯ ಮೇಲೆ ಗಾಂಧಿ ಟೋಪಿಯ ಹಿರಿಯರು. ಹಿಂದುಗಡೆ ತೆಂಗಿನ ಗರಿ ಕಟ್ಟಿದ ಕಮಾನು, ಅದರ ಮೇಲೆ ಬಳ್ಳಿಯ ಹಾಗೆ ಸುತ್ತಿಕೊಂಡ ಏನೋ ಅಲಂಕಾರ. ಓದಲಿಕ್ಕೆ ಒಂದು ಬೋರ್ಡೂ ಇಲ್ಲ. ಫೋಟೋದ ಬೆನ್ನಿಗೆ ಸ್ಟುಡಿಯೋದ ರಬ್ಬರ್ ಮೊಹರಿದೆ, ಆದರೆ ಹೆಸರು ಅಳಿಸಿಹೋಗಿ 'ಗೌರಿಬಿದನೂರು, ಕೋಲಾರ ಜಿಲ್ಲೆ' ಅನ್ನುವುದಷ್ಟೇ ಉಳಿದಿದೆ. ಅದರಿಂದ ಏನೂ ತಿಳಿಯುವಂತಿರಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೂ ನಾವೆಲ್ಲ ಕೋಲಾರ ಜಿಲ್ಲೆಯವರೇ.

ನಮ್ಮ ಬ್ಯಾಂಡಿನಲ್ಲಿ ನನ್ನದು ಟ್ರಯಾಂಗಲ್. ಆರು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮಿನ ನಡುವೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ತಪ್ಪು ಬಾರಿಸಿದರೂ ಗೊತ್ತಾಗುವುದಿಲ್ಲವೆಂದೇ ನನಗೆ ಕೊಟ್ಟಿದ್ದರು. ಫೋಟೋದಲ್ಲಿ ಟ್ರಯಾಂಗಲ್ ಹಿಡಿದ ಹುಡುಗನ ಮುಖವನ್ನು ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ನನ್ನ ಹಾಗೆ ಇದ್ದಾನೆ, ಆದರೆ ನಾನಲ್ಲ. ನಮ್ಮಮ್ಮ ಎಣ್ಣೆ ಸುರಿದು ಎಡಗಡೆ ಬೈತಲೆ ತೆಗೆಯುತ್ತಿದ್ದಳು, ಇವನದು ಬಲಗಡೆ.

ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾಲ್ಕು ಜನ ಸೇರಿದೆವು. ಬ್ಯಾಂಡಿನವರಲ್ಲಿ ಈಗ ಕೂಗಿದರೆ ಓಗೊಡುವವರು ಅಷ್ಟೇ. ಇಡ್ಲಿ ತಟ್ಟೆ ಸರಿಸಿ ಫೋಟೋ ನಡುವೆ ಇಟ್ಟಿದ್ದೇ ತಡ, ಜಗಳ ಶುರುವಾಯಿತು. ಗೌರಿಬಿದನೂರಿನ ಜಗಳ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಬಲಿಯುತ್ತದೆ, ಕಾಫಿ ಬಂದಾಗ ಮತ್ತೆ ಕನ್ನಡಕ್ಕೆ ಇಳಿಯುತ್ತದೆ. ಒಬ್ಬ 1970 ಅಂದ, ಇನ್ನೊಬ್ಬ 73 ಅಂದ. ಇದು ಬಿ.ಎಚ್. ರಸ್ತೆ ಎಂದು ಒಬ್ಬ, "ಆ ರಸ್ತೆಯಲ್ಲಿ ಈ ಕಡೆಗೆ ಎಲ್ಲಿತ್ತೋ ಆ ಮರ?" ಎಂದು ಇನ್ನೊಬ್ಬ.

ಕುರ್ಚಿಯ ಮೇಲೆ ಕೂತವರಲ್ಲಿ ಒಬ್ಬರು ಕುಳ್ಳಗೆ, ಖಾದಿ ಜುಬ್ಬ ತೊಟ್ಟು ಕೂತಿದ್ದಾರೆ. "ಎಚ್ಚೆನ್ ಕಣ್ರೋ!" ಅಂದ ಒಬ್ಬ ಗೆಳೆಯ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ವರ್ಷ ಊರಿನಲ್ಲಿ ಎಲ್ಲರ ಎದೆಯೂ ಒಂದು ಗೇಣು ಮುಂದೆ ಬಂದಿತ್ತು. ಆಗಿನಿಂದ ನಮ್ಮ ಕಡೆಯ ಯಾವ ಹಳೇ ಫೋಟೋದಲ್ಲಿ ಗಾಂಧಿ ಟೋಪಿ ಕಂಡರೂ ಅದು ಎಚ್ಚೆನ್ ಅವರದ್ದೇ. ನನಗಂತೂ ಹಾಗೆ ಕಾಣಲಿಲ್ಲ. ಎಚ್ಚೆನ್ ಬಂದಿದ್ದರೆ ಆ ಸುದ್ದಿಯನ್ನು ನಮ್ಮ ಮೇಷ್ಟ್ರು ಸಾಯುವವರೆಗೂ ಹೇಳಿಕೊಂಡು ತಿರುಗುತ್ತಿದ್ದರು.

ಇಷ್ಟೆಲ್ಲ ನಡೆಯುವಾಗ ಸೈಡ್ ಡ್ರಮ್ಮಿನ ಗೆಳೆಯ ಮಾತೇ ಆಡಲಿಲ್ಲ. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವನು. ಬಿಸಿನೀರಿನಲ್ಲಿ ಗೂಡು ತಡವಿ ತಡವಿ ಬೆರಳ ತುದಿ ಸುಕ್ಕುಗಟ್ಟಿವೆ. ಫೋಟೋವನ್ನು ಬಹಳ ಹೊತ್ತು ನೋಡಿ, ಮೇಜಿನ ಮೇಲೆ ಎರಡು ಚಮಚ ಹಿಡಿದು ಮೆಲ್ಲಗೆ ಬಾರಿಸಿದ. ಆಮೇಲೆ, "ಇದು ನಮ್ಮ ಬ್ಯಾಂಡೇ ಅಲ್ಲ" ಎಂದು ತೀರ್ಪು ಕೊಟ್ಟ.

"ಯಾಕೋ?"

"ಕೈ ನೋಡು."

ಸೈಡ್ ಡ್ರಮ್ಮಿನ ಪಟ್ಟಿಯನ್ನು ಬಲಭುಜಕ್ಕೆ ಹಾಕುತ್ತಾರೆ, ಡ್ರಮ್ಮು ಎಡತೊಡೆಯ ಮೇಲೆ ವಾಲಿಕೊಂಡು ಕೂರುತ್ತದೆ. ಹಾಗೆ ವಾಲಿದ ಚರ್ಮವನ್ನು ಎರಡು ಕೈಯಲ್ಲೂ ಒಂದೇ ಥರ ಬಾರಿಸಲು ಬರುವುದಿಲ್ಲ. ಬಲಗೈ ಕಡ್ಡಿಯನ್ನು ಮೇಲಿಂದ ಹಿಡಿಯುತ್ತದೆ. ಎಡಗೈಯಲ್ಲಿ ಕಡ್ಡಿ ಹೆಬ್ಬೆರಳ ಸಂದಿಯಲ್ಲಿ ಕೂತು, ನಡುವಿನ ಬೆರಳುಗಳ ಮಧ್ಯೆ ಹಾದು ಹೊರಗೆ ಬರುತ್ತದೆ. ಇದನ್ನು ಕಲಿಸುವಾಗ ಮೇಷ್ಟ್ರು ಹೇಳುತ್ತಿದ್ದದ್ದು ಒಂದೇ ಮಾತು: "ಎಡಗೈ ಆಕಾಶ ನೋಡಬೇಕು, ಬಲಗೈ ಭೂಮಿ ನೋಡಬೇಕು." ಎಡಗೈ ಮಗುಚಿಕೊಂಡರೆ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಫೋಟೋದಲ್ಲಿ ಆರೂ ಹುಡುಗರ ಡ್ರಮ್ಮು ಬಲತೊಡೆಯ ಮೇಲಿದೆ, ಬಲಗೈ ಆಕಾಶ ನೋಡುತ್ತಿದೆ. "ನಮ್ಮ ಮೇಷ್ಟ್ರು ಈ ಥರ ಬಾರಿಸಲು ಬಿಡ್ತಿದ್ರಾ? ಕೈ ಮುರೀತಿದ್ರು" ಅಂದ. ಯಾರೂ ಎದುರಾಡಲಿಲ್ಲ. ಬೇರೆ ಯಾವುದೋ ಸ್ಕೂಲಿನ ಫೋಟೋ ಮೇಷ್ಟ್ರ ಟ್ರಂಕಿಗೆ ಬಂದಿದೆ ಎಂದು ತೀರ್ಮಾನವಾಗಿ, ಬಿಲ್ಲು ಯಾರು ಕೊಡುವುದು ಎನ್ನುವ ಜಗಳಕ್ಕೆ ಎದ್ದೆವು.

ಗಂಟು ಬಿಡಿಸಿದವಳು ನಮ್ಮಕ್ಕ. ಅವಳಿಗೆ ಡ್ರಮ್ಮೂ ಗೊತ್ತಿಲ್ಲ, ಡ್ರಿಲ್ಲೂ ಗೊತ್ತಿಲ್ಲ. ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಸೊಗಡು ಹತ್ತಿದ ಕೈಯಿಂದ ಮುಟ್ಟಬೇಡ ಎಂದು ನಾನೇ ಎದುರಿಗೆ ಫೋಟೋ ಹಿಡಿದೆ. ಹುಡುಗರ ಕಡೆಗೆ ಅವಳ ಕಣ್ಣೇ ಹೋಗಲಿಲ್ಲ. "ಇದೇನೋ ಇದು, ಈ ಹೆಂಗಸರೆಲ್ಲ ಬಲಗಡೆ ಸೆರಗು ಹೊದ್ದಿದಾರೆ! ಸೇಟುಗಳ ಮನೆಯವರಾ?" ಅಂದಳು. ಒಬ್ಬಳಲ್ಲ, ಇಬ್ಬರಲ್ಲ, ರಸ್ತೆ ಬದಿ ನಿಂತ ಅಷ್ಟೂ ಜನ ಹಾಗೆಯೇ. ಆಗ ಹುಡುಗರ ಅಂಗಿ ನೋಡಿದೆ. ಜೇಬೆಲ್ಲ ಬಲಗಡೆ. ಅಕ್ಕನ ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ಹೊಡೆದು, ಏನೋ ಒತ್ತಿ, ಎಡಬಲ ತಿರುಗಿಸಿ ಕೊಟ್ಟಳು. ಸೆರಗೆಲ್ಲ ಎಡಭುಜಕ್ಕೆ ಬಂತು. ಡ್ರಮ್ಮೆಲ್ಲ ಎಡತೊಡೆಗೆ ಬಂತು. ಮರ ರಸ್ತೆಯ ಆ ಕಡೆಗೆ ಹೋಗಿ ನಿಂತಿತು. ಟ್ರಯಾಂಗಲ್ ಹಿಡಿದವನ ಬೈತಲೆ ಸರಿಯಾದ ಜಾಗಕ್ಕೆ ಬಂದು, ಹದಿನಾಲ್ಕು ವರ್ಷದ ನಾನು ನನ್ನನ್ನೇ ನೋಡಿದೆ.

ಕಮಾನಿನ ಮೇಲಿನ ಬಳ್ಳಿ ಬಳ್ಳಿಯಾಗಿರಲಿಲ್ಲ. ಅದು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ '೨೫'.

ಕತ್ತಲೆ ಕೋಣೆಯಲ್ಲಿ ನೆಗೆಟಿವನ್ನು ಮಗುಚಿ ಇಟ್ಟು ಪ್ರಿಂಟು ಹಾಕಿದರೆ ಹೀಗಾಗುತ್ತದೆ. ಯಾವ ಸ್ಟುಡಿಯೋ ಹುಡುಗ ಅವಸರ ಮಾಡಿದ್ದನೋ. ಕೈ ತಪ್ಪು ಕಾಣುವ ಫೋಟೋವನ್ನು ಗೋಡೆಗೆ ಹಾಕಲು ಮನಸ್ಸು ಬಾರದೆ ಮೇಷ್ಟ್ರು ಅದನ್ನು ಟ್ರಂಕಿನ ತಳ ಸೇರಿಸಿರಬೇಕು. ಎಸೆಯಲೂ ಮನಸ್ಸು ಬಂದಿಲ್ಲ.

ರಾತ್ರಿಯೇ ಶಿಡ್ಲಘಟ್ಟಕ್ಕೆ ಫೋನು ಮಾಡಿದೆ. ತಿರುಗಿಸಿದ ಫೋಟೋ ಕಳಿಸಿದ ಮೇಲೆ ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಮುಂದಿನ ಸಾಲಿನಲ್ಲಿ ಬಲತುದಿಗೆ ನಾನು. ಕೈ ಸರಿಯಾಗಿದೆ" ಅಂದ. ಅವನಿಗೆ ತನ್ನ ಮುಖ ಸಿಕ್ಕಿದ್ದಕ್ಕಿಂತ ಕೈ ಸರಿಯಿದ್ದದ್ದೇ ಸಮಾಧಾನ. ಇನ್ನೊಂದನ್ನೂ ಅವನೇ ತೋರಿಸಿದ. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೆ ಬೀಳಬೇಕು, ಹನ್ನೆರಡು ಜನರ ಹೆಜ್ಜೆ ಕೂಡುವುದು ಅದರಿಂದ. ಫೋಟೋದಲ್ಲಿ ಬಡಿಗೆ ಚರ್ಮ ಮುಟ್ಟಿದೆ, ಎಲ್ಲರ ಎಡಗಾಲೂ ಮುಂದಿದೆ.

ಹಾಗಾದರೆ ಅದು 15 ಆಗಸ್ಟ್ 1972, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅನ್ನುವ ಹೆಸರೇ ಇತ್ತು, ಕರ್ನಾಟಕವಾದದ್ದು ಮುಂದಿನ ವರ್ಷದ ನವೆಂಬರಿನಲ್ಲಿ. ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರ್ಕಾರ ಪಿಂಚಣಿ ಶುರು ಮಾಡಿದ್ದು ಆವತ್ತಿನಿಂದಲೇ. ಕುರ್ಚಿಯ ಮೇಲಿನ ಟೋಪಿಗಳು ಯಾರವೆಂದು ಈಗ ನೆನಪು ಬರುತ್ತದೆ. ಊರಿನಿಂದ ಕೂಗಳತೆಯ ವಿದುರಾಶ್ವತ್ಥದಲ್ಲಿ 25 ಏಪ್ರಿಲ್ 1938ರಂದು ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಅಲ್ಲಿದ್ದು ಬದುಕಿ ಬಂದವರು ನಮ್ಮ ಬಾಲ್ಯದಲ್ಲಿ ಇನ್ನೂ ಇದ್ದರು. ಸತ್ತವರೆಷ್ಟು ಎನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ಇವತ್ತಿಗೂ ತಾಳೆಯಿಲ್ಲ. ನಮಗೆ ಆಗ ಅದೊಂದೂ ತಲೆಗೆ ಹೋಗುತ್ತಿರಲಿಲ್ಲ. ವಿದುರಾಶ್ವತ್ಥ ಅಂದರೆ ನಾಗರಕಲ್ಲು, ಜಾತ್ರೆ, ಕಡ್ಲೆಪುರಿ. ಅವರ ಮುಂದೆ ಹಾದುಹೋಗುವಾಗ ನಮ್ಮ ತಲೆಯಲ್ಲಿದ್ದದ್ದು ಕೊನೆಗೆ ಹಂಚುವ ಬೂಂದಿಯ ಪೊಟ್ಟಣ.

ಆ ವರ್ಷ ಮಳೆ ಕೈಕೊಟ್ಟಿತ್ತು. ಆದರೂ ಆವತ್ತು ಬೆಳಿಗ್ಗೆ ಮೋಡ ಕವಿದು ತಂಪಿತ್ತು, ಡ್ರಮ್ಮಿನ ಚರ್ಮ ಸಡಿಲಬಿದ್ದು ಬಾರಿಸಿದರೆ ಗೋಣಿಚೀಲ ಬಡಿದ ಹಾಗೆ ಕೇಳುತ್ತಿತ್ತು. ಮೇಷ್ಟ್ರು ಹಗ್ಗ ಬಿಗಿದು ಬಿಗಿದು ಸೋತರು. ಆಗ ದೊಡ್ಡ ಡ್ರಮ್ಮಿನ ಹುಡುಗ ಎಲ್ಲಿಗೋ ಓಡಿ ಒಂದು ಹಿಡಿ ರಾಗಿ ಹುಲ್ಲು ತಂದ. ಮೈದಾನದ ಮೂಲೆಯಲ್ಲಿ ಹೊತ್ತಿಸಿ, ಉರಿ ಇಳಿದ ಮೇಲೆ ಡ್ರಮ್ಮನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಎತ್ತಿ ಝಳಕ್ಕೆ ಹಿಡಿದ. ಮೇಷ್ಟ್ರು, "ಸುಟ್ಟುಹಾಕ್ತೀಯಲ್ಲೋ ಸ್ಕೂಲಿನ ಡ್ರಮ್ಮು!" ಎಂದು ಕೂಗುತ್ತಲೇ ಇದ್ದರು. ಅವನು ತಿರುಗಿಯೂ ನೋಡಲಿಲ್ಲ. ಆಗಾಗ ಬೆರಳ ಗೆಣ್ಣಿನಿಂದ ಚರ್ಮದ ಅಂಚಿಗೆ ಟಕ್ ಎನಿಸಿ, ತಲೆ ವಾಲಿಸಿ ಕೇಳುವನು. ಮತ್ತೊಂದು ಸ್ವಲ್ಪ ತಿರುಗಿಸುವನು. ಕೊನೆಗೆ ಒಂದು ಪೆಟ್ಟು ಕೊಟ್ಟ. ಮೈದಾನದ ಆಚೆ ಕಡೆಯ ಕಾಗೆಗಳು ಎದ್ದವು. ಆಮೇಲೆ ಆರು ಸೈಡ್ ಡ್ರಮ್ಮುಗಳನ್ನೂ ಮೇಷ್ಟ್ರೇ ತಂದು ಅವನ ಮುಂದೆ ಇಟ್ಟರು.

ಅವನ ಮನೆಯಲ್ಲಿ ತಮಟೆಯಿತ್ತು. ಅಪ್ಪ ಮದುವೆಗೆ, ಜಾತ್ರೆಗೆ, ಸಾವಿಗೆ ಬಾರಿಸುತ್ತಿದ್ದರು. ಚರ್ಮ ಕಾಯಿಸುವುದು ಅವನಿಗೆ ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ನಿಮಿಷಕ್ಕೆ 120 ಹೆಜ್ಜೆ ಎಂದು ಮೇಷ್ಟ್ರು ಗಡಿಯಾರ ಹಿಡಿದು ನಮ್ಮನ್ನು ತಿದ್ದುತ್ತಿದ್ದರು, ಅವನಿಗೆ ಗಡಿಯಾರ ಬೇಕಿರಲಿಲ್ಲ. ಬ್ಯಾಂಡು ಬಿಟ್ಟರೆ ಅವನ ಜೊತೆ ನಮಗೆ ಬೇರೆ ಒಡನಾಟವಿರಲಿಲ್ಲ ಎನ್ನುವುದನ್ನೂ ಬರೆಯಬೇಕು. ಬೂಂದಿ ಪೊಟ್ಟಣ ಕೈಗೆ ಬಂದ ಮೇಲೆ ನಾವು ಒಂದು ದಾರಿ, ಅವನು ಒಂದು ದಾರಿ. 2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಟಿವಿ ಮುಂದೆ ಕೂತಿದ್ದ ನನಗೆ ಮೊದಲು ಕಂಡದ್ದು ಆ ಹುಲ್ಲಿನ ಉರಿ. ಆಗಲೂ ನೆನಪಾದದ್ದು ಕೈಯೇ, ಹೆಸರಲ್ಲ.

ಫೋಟೋದಲ್ಲಿ ಅವನು ಇದ್ದೂ ಇಲ್ಲ. ಎದೆಗೆ ಕಟ್ಟಿದ ಡ್ರಮ್ಮು ಅವನನ್ನು ಮುಚ್ಚಿದೆ. ಕಾಣುವುದು ಎಣ್ಣೆ ಹಚ್ಚಿದ ಕೂದಲು, ಒಂದು ಕಿವಿ, ಬಡಿಗೆ ಹಿಡಿದ ಮೊಣಕೈ. ಆ ವರ್ಷ ದಸರಾ ರಜೆ ಮುಗಿದ ಮೇಲೆ ಅವನು ಸ್ಕೂಲಿಗೆ ಬರಲಿಲ್ಲ. ಬರಗಾಲಕ್ಕೆ ಬೆಂಗಳೂರಿನ ಕಡೆ ಕೂಲಿಗೆ ಹೋದರಂತೆ ಎಂದು ಯಾರೋ ಅಂದರು. ದೊಡ್ಡ ಡ್ರಮ್ಮು ಇನ್ನೊಬ್ಬನ ಕೊರಳಿಗೆ ಬಂತು, ಜನವರಿ 26ರ ಮೆರವಣಿಗೆಯಲ್ಲಿ ಎರಡು ಸಲ ಹೆಜ್ಜೆ ತಪ್ಪಿದೆವು.

ಕಳೆದ ವಾರ ಮತ್ತೆ ಅದೇ ಹೋಟೆಲಿನಲ್ಲಿ ಕೂತು ಸರಿಯಾದ ಪ್ರಿಂಟು ಹಾಕಿಸಿದ್ದನ್ನು ಹರಡಿ, ಬೆನ್ನಿಗೆ ಹೆಸರು ಬರೆದೆವು. ಬದುಕಿರುವವರಿಗೆ ಸಂಕೋಚವಾದೀತೆಂದು ಅವನ್ನು ಇಲ್ಲಿ ಬರೆಯುತ್ತಿಲ್ಲ. ಹನ್ನೊಂದು ಹೆಸರು ಒಂದೊಂದೇ ಬಂದವು, ಕೆಲವಕ್ಕೆ ಇನಿಷಿಯಲ್ಲೂ ಸೇರಿ. ಹನ್ನೆರಡನೆಯದಕ್ಕೆ ಪೆನ್ನು ನಿಂತಿತು. ನಾವೆಲ್ಲ ಅವನನ್ನು "ಡೊಳ್ಳು" ಅಂತಲೇ ಕರೆಯುತ್ತಿದ್ದೆವು. ನಾಲ್ವರಲ್ಲಿ ಯಾರಿಗೂ ಅವನ ಹೆಸರು ಗೊತ್ತಿಲ್ಲ. ಓದಿದ್ದು ನಮ್ಮ ಕ್ಲಾಸಿನಲ್ಲೋ ಹಿಂದಿನದರಲ್ಲೋ ಅದೂ ಖಚಿತವಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇವೆ.

1972ರಲ್ಲಿ ಗೌರಿಬಿದನೂರಿನಲ್ಲಿ ಓದಿ, ಆಗಸ್ಟ್ ಹದಿನೈದರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸಿದವರು, ಅಥವಾ ಅಂಥ ಅಪ್ಪ, ತಾತ ನಿಮ್ಮ ಮನೆಯಲ್ಲಿದ್ದಾರೆ ಎನ್ನುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೆಸರು ತಿಳಿಸಿ. ಒಂದು ಪ್ರಿಂಟು ತೆಗೆದಿಟ್ಟಿದ್ದೇವೆ.