ಎತ್ತಿನ ಹಿಂದಿನ ಬೆಳ್ಳಕ್ಕಿ

ನಮ್ಮ ಕೋಟುಮಚಗಿಯಲ್ಲಿ ಬಿಸಿಲಿಗೆ ಬರವೆಂಬುದಿಲ್ಲ. ಎರೆಹೊಲದ ಬದುವಿನಲ್ಲಿ ಒಂದು ಬೇವಿನ ಮರ ಸಿಕ್ಕರೆ ಪುಣ್ಯ. ಅಂಥ ಊರಲ್ಲಿ ಹುಟ್ಟಿದ ನನ್ನ ರಕ್ತದಲ್ಲಿ, 20ರ ಮೇಲಿರಬೇಕಾದ ‘ಡಿ’ ಜೀವಸತ್ವ ಬರೀ 11 ಇದೆಯೆಂದು ರಿಪೋರ್ಟು ಬಂದಾಗ ನಗು ಬಂತು. ಆದರೆ ಮೂವತ್ತು ವರ್ಷ ಸೂರಿನಡಿ ಪಾಠ ಹೇಳಿದವಳು ನಾನು. ಬಿಸಿಲು ಕಂಡದ್ದೆಲ್ಲ ಕಿಟಕಿಯ ಗಾಜಿನಿಂದ. ಆ ಜೀವಸತ್ವವನ್ನು ಚರ್ಮದಲ್ಲಿ ಹುಟ್ಟಿಸುವ ಕಿರಣವನ್ನು ಗಾಜು ಒಳಗೇ ಬಿಡುವುದಿಲ್ಲ.

“ಡಿ ಕಡಿಮಿ ಆದ್ರ ಹಾರ್ಟ್ ಅಟ್ಯಾಕ್ ಆಗ್ತದಂತ್ರೀ ಅಕ್ಕಾರ” ಎಂದಳು ಸ್ಟಾಫ್ ರೂಮಿನ ಗೆಳತಿ. ನನ್ನ ಎದೆ ಝಲ್ಲೆಂದಿತು. ಅವ್ವ ಹೋದದ್ದು ಹೃದಯಾಘಾತದಿಂದಲೇ. ವಾರಕ್ಕೊಂದು ‘ಡಿ’ ಗುಳಿಗೆಯನ್ನು ವ್ರತದಂತೆ ನುಂಗತೊಡಗಿದೆ. ಎದೆಗೆ ಕಾವಲು ಸಿಕ್ಕಿತೆಂಬ ಧೈರ್ಯದಲ್ಲಿ ಬಿ.ಪಿ. ಗುಳಿಗೆಯನ್ನು ಎರಡು ತಿಂಗಳು ಮುಟ್ಟಲಿಲ್ಲ.

ತಪಾಸಣೆಗೆ ಹೋದರೆ ಬಿ.ಪಿ. 180/100! “ಟೀಚರ್, ಡಿ ಗುಳಿಗಿ ಎಲುಬಿಗೆ. ಎದಿ ಕಾಯೂದು ಬಿ.ಪಿ. ಗುಳಿಗಿ. ಅದನ್ಯಾಕ ಬಿಟ್ರಿ?” ಎಂದರು ವೈದ್ಯೆ. ಹೋಮ್‌ವರ್ಕ್ ಮಾಡದ ಹುಡುಗಿಯಂತೆ ತಲೆ ತಗ್ಗಿಸಿದೆ.

ಗೆಳತಿಯ ಮಾತು ಪೂರ್ತಿ ಸುಳ್ಳಲ್ಲ. ‘ಡಿ’ ಕಡಿಮೆಯಿದ್ದವರಲ್ಲಿ ಹೃದಯರೋಗ ಹೆಚ್ಚೆಂದು 2008ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ಹೇಳಿತ್ತು. ಹಾಗಾದರೆ ಕೊರತೆ ತುಂಬಿದರೆ ರೋಗ ತಪ್ಪೀತೇ? ಅಲ್ಲಿಯೇ 25,871 ಜನರ ಮೇಲೆ ಪರೀಕ್ಷಿಸಿದರು. ಅರ್ಧ ಜನರಿಗೆ ದಿನಾ 2000 ಯುನಿಟ್ ‘ಡಿ’, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ಐದು ವರ್ಷ ಕಳೆದ ಮೇಲೆ, 2018ರಲ್ಲಿ ಬಂದ ಫಲಿತಾಂಶ: ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಕಡಿಮೆಯಾಗಲಿಲ್ಲ.

ಗಳೆ ಹೊಡೆಯುವ ಎತ್ತುಗಳ ಹಿಂದೆ ಬೆಳ್ಳಕ್ಕಿಗಳು ನಡೆಯುತ್ತವೆ. ಹಾಗೆಂದು ಹೊಲ ಉಳುವುದು ಬೆಳ್ಳಕ್ಕಿಯೇ? ಕಾಯಿಲೆಯವರು ಮನೆಯೊಳಗೇ ಕೂರುತ್ತಾರೆ. ಬೊಜ್ಜಿನ ಮೈಯಲ್ಲಿ, ವಯಸ್ಸಾದ ಮೈಯಲ್ಲಿ ‘ಡಿ’ ಇಳಿಯುತ್ತದೆ. ಅದು ಹೃದಯರೋಗದ ಜೊತೆಗೆ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಎತ್ತುಗಳು ಬೇರೆಯೇ ಇವೆ: ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ತಂಬಾಕು.

ಆ ರಾತ್ರಿ ಅವ್ವ ನೆನಪಾದಳು. ಹೆಸರು ಬಿಡಿಸುವಾಗ, ಜೋಳ ಕೊಯ್ಯುವಾಗ ದಿನವಿಡೀ ಬಿಸಿಲಲ್ಲೇ ಇದ್ದವಳು. ಒಬ್ಬಳ ಬದುಕಿನಿಂದ ಸಿದ್ಧಾಂತ ಮಾಡಬಾರದು, ನಿಜ. ಆದರೂ ಅವಳಿಗೆ ಕಡಿಮೆಯಾದದ್ದು ಬಿಸಿಲಲ್ಲ. ಅವಳ ಬಿ.ಪಿ.ಯನ್ನು ಒಮ್ಮೆಯೂ ಯಾರೂ ಅಳೆದಿರಲಿಲ್ಲ. ರಟ್ಟೆ ಸೆಳೆತ, ಮೇಲುಸಿರು ಬಂದಾಗ “ದಣಿವ ಆಗೇತಿ, ಮಲಗಿದ್ರ ಹೋಗ್ತೈತಿ” ಎಂದಳು. ಕಲಿತ ಮಗಳಾದ ನಾನೂ ನಂಬಿದೆ.

ಈಗಲೂ ‘ಡಿ’ ಗುಳಿಗೆ ತೆಗೆದುಕೊಳ್ಳುತ್ತೇನೆ, ಎಲುಬಿಗಾಗಿ, ವೈದ್ಯೆ ಹೇಳಿದಷ್ಟೇ. ಅತಿಯಾದರೆ ರಕ್ತದಲ್ಲಿ ಸುಣ್ಣದಂಶ ಏರಿ ತೊಂದರೆ. ಬಿ.ಪಿ. ಗುಳಿಗೆ ಕನ್ನಡಕದ ಪಕ್ಕದಲ್ಲಿದೆ, ಮರೆಯುವಂತಿಲ್ಲ. ಅಕ್ಕ ತಂಗಿಯರೇ, ಮನೆಮಂದಿಗೆಲ್ಲ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವವರು ನಾವು. ನಮ್ಮ ತೋಳಿಗೆ ಆ ಪಟ್ಟಿ ಸುತ್ತಿಸಿಕೊಂಡು ಎಷ್ಟು ದಿನವಾಯಿತು?