ಹಾಯಿನೌಕೆಯ ವಿಹಾರಕ್ಕೆ ಸಿದ್ಧತೆ

ಗ್ರೀಸ್ ದೇಶದ ಪಡುವಣ ತೀರದ ಅಯೋನಿಯನ್ ಕಡಲಿನಲ್ಲಿ ಲೆಫ್ಕಾಡ, ಇಥಾಕ, ಕೆಫಲೋನಿಯ ಮೊದಲಾದ ದ್ವೀಪಗಳಿವೆ. ಹಾಯಿನೌಕೆಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ಇವುಗಳ ನಡುವೆ ಸಂಚರಿಸುವುದು ಬಲು ರಮ್ಯವಾದ ವಿಹಾರ. ಆದರೆ ಸಂಸಾರಸಮೇತರಾಗಿ ಹೊರಡುವ ಗೃಹಸ್ಥರ ಕ್ಷೇಮವು ದಡದ ಮೇಲಿನ ಸಿದ್ಧತೆಯನ್ನೇ ಅವಲಂಬಿಸಿರುವುದು.

ಮೊದಲು ಕಡಲಿನ ಆಯ್ಕೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೂಡಣದ ಈಜಿಯನ್ ಕಡಲಿನ ಮೇಲೆ ಮೆಲ್ಟೆಮಿ ಎಂಬ ಬಡಗಣ ಗಾಳಿಯು ದಿನಗಟ್ಟಲೆ ರಭಸದಿಂದ ಬೀಸುವುದುಂಟು. ಅಯೋನಿಯನ್ ಕಡಲಿನಲ್ಲಾದರೋ ಬೇಸಗೆಯ ಬೆಳಗು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಏಳುವುದು. ಹೊಸಬರಿಗೆ ಇದೇ ಮೇಲು. ನೌಕೆಯನ್ನು ತಾವೇ ನಡೆಸುವವರಿಗೆ ಅರ್ಹತಾಪತ್ರ ಅವಶ್ಯಕ. ಅದಿಲ್ಲದವರು ನುರಿತ ನಾವಿಕನೊಬ್ಬನನ್ನು ಗೊತ್ತುಮಾಡಿಕೊಳ್ಳಬೇಕು.

ಗಟ್ಟಿ ಪೆಟ್ಟಿಗೆಗಳಿಗೆ ನೌಕೆಯಲ್ಲಿ ಸ್ಥಳವಿಲ್ಲ. ಮಡಿಸಿಡಬಹುದಾದ ಬಟ್ಟೆಯ ಚೀಲಗಳೇ ಸಾಕು. ತೊಟ್ಟಿಯ ನೀರೂ ಮಿತವಾದುದು; ಮನೆಯ ನಲ್ಲಿಯಂತೆ ಹರಿಯಬಿಟ್ಟರೆ ಬೇಗನೆ ಬರಿದಾದೀತು. ಪಾತ್ರೆ ತೊಳೆಯುವವರಿಗೂ ಸ್ನಾನಮಾಡುವವರಿಗೂ ಇದನ್ನು ಮೊದಲೇ ತಿಳಿಸಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ಬಂದರಿನಲ್ಲಿ ನೌಕೆಯನ್ನು ವಹಿಸಿಕೊಳ್ಳುವಾಗಲೇ ಲೈಫ್ ಜಾಕೆಟ್ಟುಗಳನ್ನು ಒಬ್ಬೊಬ್ಬರಿಗೂ ತೊಡಿಸಿ ನೋಡಬೇಕು. ದೊಡ್ಡವರ ಜಾಕೆಟ್ಟು ನೀರಿನಲ್ಲಿ ಮಗುವಿನ ತಲೆಯ ಮೇಲಿಂದ ಜಾರಿಹೋಗಬಹುದು; ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಬೇಕು. ಲಂಗರಿನ ಸರಪಳಿಯ ಉದ್ದವನ್ನೂ ವಿಚಾರಿಸಬೇಕು. ನೀರಿನ ಆಳಕ್ಕೆ ಕಡಮೆಯೆಂದರೂ 4 ಪಟ್ಟು ಸರಪಳಿಯನ್ನು ಬಿಡುವುದು ವಾಡಿಕೆ. ಆಳ 5 ಮೀಟರಾದರೆ ಸರಪಳಿ 20 ಮೀಟರು. ಅಷ್ಟನ್ನು ಬಿಡದಿದ್ದರೆ ಇರುಳಿನ ಗಾಳಿಗೆ ಲಂಗರು ಜಾರಿ ನೌಕೆಯು ಬಂಡೆಗಳತ್ತ ಸರಿದೀತು.

ಈ ಪರೀಕ್ಷೆಗೆ ಒಂದೆರಡು ಗಂಟೆಗಳು ಹಿಡಿಯಬಹುದು. ಮಕ್ಕಳು ಆತುರಪಟ್ಟರೂ ಗೃಹಸ್ಥರು ಆತುರಪಡಬಾರದು.