ತಪ್ಪು ಉತ್ತರ ಬೇಕಾಗಿದೆ

ಸರಿ ಉತ್ತರಕ್ಕೆ ನಮ್ಮಲ್ಲಿ ಬರವಿಲ್ಲ. ಪಠ್ಯಪುಸ್ತಕದ ಕೊನೆಯಲ್ಲಿದೆ, ಗೈಡಿನಲ್ಲಿದೆ, ಟ್ಯೂಷನ್ ಮೇಷ್ಟ್ರ ನಾಲಗೆಯ ತುದಿಯಲ್ಲಿದೆ, ಈಗ ಮೊಬೈಲಿನಲ್ಲೂ ಇದೆ. ಸಿಗದೆ ಒದ್ದಾಡಿಸುವುದು ಒಳ್ಳೆಯ ತಪ್ಪು ಉತ್ತರ. ಇದು ನನ್ನ ಮಾತಲ್ಲ, ನಮ್ಮ ಅತ್ತಿಗೆಯದು. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕೂತರೆ ಧಾರಾವಾಹಿ ನೋಡುತ್ತಿದ್ದಾರೆ ಅಂತ ಮನೆಯವರ ಗುಮಾನಿ. ಅವರೋ ಗೂಗಲ್ ಫಾರ್ಮ್‌ನಲ್ಲಿ ನಾಳೆಯ ಟೆಸ್ಟಿಗೆ ತಪ್ಪು ಉತ್ತರ ಹೊಂದಿಸುತ್ತಿರುತ್ತಾರೆ. "ಸರಿ ಉತ್ತರ ಹಾಕೋಕೆ ಅರ್ಧ ನಿಮಿಷ ಕಣಪ್ಪ. ಮಿಕ್ಕ ಮೂರಕ್ಕೆ ಅರ್ಧ ರಾತ್ರಿ."

ನಾವು ಬರೆದ ಪರೀಕ್ಷೆಗಳಲ್ಲಿ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಕನ್ನಂಬಾಡಿ ಕಟ್ಟೆ ಯಾವ ನದಿಗಿದೆ? ಕಾವೇರಿ, ಗಂಗಾ, ನೈಲ್, ಮೇಲಿನ ಯಾವುದೂ ಅಲ್ಲ. ಇದಕ್ಕೆ ಸರಿಯಾಗಿ ಉತ್ತರಿಸಿದ ಹುಡುಗನಿಗೆ ಭೂಗೋಳ ಬರುತ್ತದೆ ಅನ್ನುವಂತಿಲ್ಲ, ಮೈಸೂರಿನ ಕಡೆ ಬಸ್ಸು ಹತ್ತಿದ್ದಾನೆ ಅನ್ನಬಹುದು, ಅಷ್ಟೆ. ಇನ್ನು ಏನೂ ತೋಚದಿದ್ದರೆ ಎಲ್ಲಕ್ಕಿಂತ ಉದ್ದವಾದ ಆಯ್ಕೆಗೆ ಗುರುತು ಹಾಕು ಎಂಬ ಗುಟ್ಟು ಹಿಂದಿನ ಬೆಂಚಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು.

ಅತ್ತಿಗೆಯ ಪ್ರಶ್ನೆ ನೋಡಿ. 1/3 ಕ್ಕೆ 1/4 ಕೂಡಿಸಿದರೆ ಎಷ್ಟು? 7/12, 2/7, 2/12, 1/7. ಮೊದಲನೆಯದು ಸರಿ. 2/7 ಎನ್ನುವವನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. 2/12 ಎನ್ನುವವಳಿಗೆ ಛೇದ ಸಮ ಮಾಡಬೇಕೆಂದು ಗೊತ್ತು, ಅಂಶವನ್ನು ಅಲ್ಲೇ ಮರೆತಿದ್ದಾಳೆ. 1/7 ಎನ್ನುವವನು ಮೇಲಿನ ಒಂದನ್ನು ಮುಟ್ಟಲೇ ಇಲ್ಲ. ಮೂವರಿಗೂ ಕೆಂಪು ಶಾಯಿಯ ತಪ್ಪು ಗುರುತು ಒಂದೇ, ಆದರೆ ಬೇಕಾದ ಪಾಠ ಮೂರು ಬೇರೆ. ಇಲಿಬೋನಿಗೆ ಕೊಬ್ಬರಿ ಸುಟ್ಟು ಸಿಕ್ಕಿಸುತ್ತಾರಲ್ಲ, ಹಾಗೆ: ಮನೆಯಲ್ಲಿ ಓಡಾಡುವ ಇಲಿಗೆ ಏನಿಷ್ಟ ಅಂತ ಗೊತ್ತಿದ್ದವರೇ ಬೋನು ಇಡಬೇಕು.

ಈ ನಾಲ್ಕು ಆಯ್ಕೆಯ ವ್ಯವಹಾರ ಶುರುವಾಗಿ ನೂರು ವರ್ಷ ದಾಟಿತು. ಅಮೆರಿಕದ ಕಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ 1914-15ರ ಸುಮಾರಿಗೆ ಮಕ್ಕಳ ಓದನ್ನು ಅಳೆಯಲು ಇಂಥ ಪರೀಕ್ಷೆ ಮಾಡಿದ. ತಿದ್ದುವವರ ಮನಸ್ಸು ಅಂಕದಲ್ಲಿ ಇಣುಕಬಾರದು, ಕೆಲಸವೂ ಬೇಗ ಮುಗಿಯಬೇಕು ಎಂಬುದು ಲೆಕ್ಕ. ತಿದ್ದುವುದನ್ನೂ ಯಂತ್ರಕ್ಕೆ ಹಚ್ಚಿದವನು ಒಬ್ಬ ಶಾಲಾ ಮೇಷ್ಟ್ರೇ, ಮಿಷಿಗನ್‌ನ ರೆನಾಲ್ಡ್ ಜಾನ್ಸನ್. ಹುಡುಗನಾಗಿದ್ದಾಗ ಅಕ್ಕಂದಿರನ್ನು ನೋಡಲು ಕಾರಿನಲ್ಲಿ ಬರುತ್ತಿದ್ದ ತರುಣರಿಗೆ ಇವನು ಒಂದು ಕಿತಾಪತಿ ಮಾಡುತ್ತಿದ್ದನಂತೆ. ಸ್ಪಾರ್ಕ್ ಪ್ಲಗ್ಗಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದುಬಿಟ್ಟರೆ ಗ್ರಾಫೈಟಿನಲ್ಲಿ ವಿದ್ಯುತ್ ಹರಿದು ಹೋಗಿ ಕಾರು ಸ್ಟಾರ್ಟೇ ಆಗುತ್ತಿರಲಿಲ್ಲ. ಮುಂದೆ ಉತ್ತರಪತ್ರಿಕೆಯ ಪೆನ್ಸಿಲ್ ಗುರುತನ್ನು ವಿದ್ಯುತ್ತಿನಿಂದ ಪತ್ತೆ ಹಚ್ಚುವ ಯಂತ್ರಕ್ಕೂ ಅದೇ ಗ್ರಾಫೈಟ್ ಒದಗಿತು. ಐಬಿಎಂ ಅದನ್ನು 1938ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಸಿಇಟಿಯ ಓಎಂಆರ್ ಹಾಳೆಯನ್ನು ಈಗ ಓದುವುದು ಬೆಳಕು. ಆದರೂ ಆ ದುಂಡಗಿನ ಮನೆಗಳನ್ನು ಕಪ್ಪಾಗಿಸುತ್ತಾ ಕೂತ ಮಕ್ಕಳನ್ನು ಕಂಡರೆ ನನಗೆ ಆ ಅಕ್ಕಂದಿರ ನೆನಪಾಗಿ ನಗು ಬರುತ್ತದೆ.

ಯಂತ್ರಗಳಿಂದ ಒಂದು ನಷ್ಟವೂ ಆಯಿತು. ಅಂಕ ಬೇಗ ಬಂತು, ಆದರೆ ಪಾಠ ಮುಗಿದ ಮೇಲೆ ಬಂತು. ಹಳೆಯ ಸ್ಲೇಟಿನಲ್ಲಿ ಹಾಗಿರಲಿಲ್ಲ. ಮೇಷ್ಟ್ರು ಬಾಯಿಲೆಕ್ಕ ಹೇಳಿ "ಸ್ಲೇಟು ಎತ್ರೋ" ಎಂದರೆ ಇಡೀ ತರಗತಿಯ ಸ್ಥಿತಿ ಒಂದೇ ನೋಟಕ್ಕೆ ಸಿಗುತ್ತಿತ್ತು. ಒಂದೇ ತೊಂದರೆ, ಮುಂದಿನ ಬೆಂಚಿನ ಜಾಣ ಎತ್ತುವವರೆಗೆ ಹಿಂದಿನವರ ಬಳಪ ಓಡುತ್ತಿರಲಿಲ್ಲ.

ಆ ಸ್ಲೇಟೇ ಪ್ಲಿಕರ್ಸ್ ಎಂಬ ಹೆಸರಿನಲ್ಲಿ ಮರಳಿ ಬಂದಿದೆ. ಪ್ರತಿ ಮಗುವಿಗೂ ಕಪ್ಪು ಬಿಳುಪು ಚೌಕಳಿಯ ಒಂದು ರಟ್ಟು, ಒಬ್ಬೊಬ್ಬರದು ಒಂದೊಂದು ಆಕಾರ. ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವಂತೆ ತಿರುಗಿಸಿ ಎತ್ತಿದರೆ ಸಾಕು. ಟೀಚರ್ ಫೋನಿನ ಕ್ಯಾಮೆರಾ ಆಡಿಸಿದರೆ ಯಾರು ಏನು ಹೇಳಿದರೆಂದು ಪರದೆಯ ಮೇಲೆ ಮೂಡುತ್ತದೆ. ಮಕ್ಕಳಿಗೆ ಮೊಬೈಲೂ ಬೇಡ, ಕಂಪ್ಯೂಟರೂ ಬೇಡ. ಅಕ್ಷರ ಎಷ್ಟು ಸಣ್ಣದೆಂದರೆ ಜಾಣನ ರಟ್ಟು ನೋಡಿ ಕಾಪಿ ಹೊಡೆಯಲು ಆಗದು. ಕರೆಂಟು ಹೋದರೂ ಪರವಾಗಿಲ್ಲ ಎಂಬುದು ಅತ್ತಿಗೆಗೆ ಹೆಚ್ಚು ಹಿಡಿಸಿದ ಗುಣ.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ ತೊಂಬತ್ತರ ದಶಕದಲ್ಲೇ, ಇಡೀ ತರಗತಿಯಿಂದ ಒಟ್ಟಿಗೆ ಉತ್ತರ ಪಡೆಯುವುದನ್ನು ಒಂದು ಕ್ರಮವಾಗಿ ರೂಢಿಸಿದರು. ಪ್ರಶ್ನೆ ಕೇಳಿ, ಓಟು ಹಾಕಿಸಿ, ಉತ್ತರ ಹೇಳಬೇಡಿ. ಸರಿ ಹೇಳಿದವರು ತೀರಾ ಕಡಿಮೆಯಿದ್ದರೆ ಪಾಠ ಮತ್ತೊಮ್ಮೆ ಮಾಡಿ, ತೀರಾ ಹೆಚ್ಚಿದ್ದರೆ ಮುಂದೆ ಹೋಗಿ. ನಡುವೆ ಇದ್ದರೆ ಪಕ್ಕದವರನ್ನು ಒಪ್ಪಿಸಲು ಬಿಟ್ಟು ಮತ್ತೆ ಓಟು ಹಾಕಿಸಿ. ನಮ್ಮಲ್ಲಿ ಪಕ್ಕದವನ ಜೊತೆ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಂತವರಿಗೆ ಇದನ್ನು ಕೇಳಿ ಹೊಟ್ಟೆ ಉರಿಯದೆ ಇರದು.

ನಾರ್ವೆಯ ಕಹೂಟ್ ಎಂಬ ಕ್ವಿಜ್ ಆಟದ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಹಿನ್ನೆಲೆ ಸಂಗೀತ, ಓಡುವ ಗಡಿಯಾರ, ಬೇಗ ಒತ್ತಿದವರಿಗೆ ಹೆಚ್ಚು ಅಂಕ. ತರಗತಿಗೆ ಕಳೆ ಬರುತ್ತದೆ, ನಿಜ. ಯೋಚಿಸಿ ಒತ್ತುವ ಮಗು ಕೆಳಗುಳಿಯುತ್ತದೆ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಎಷ್ಟೋ ವಾಸಿ. ತ್ರಿಭುಜದ ಮೂಲೆ ಹಿಡಿದು ಮಗು ಎಲ್ಲಿಗೆ ಬೇಕಾದರೂ ಎಳೆಯಲಿ, ಕೋನಗಳ ಮೊತ್ತ 180 ಡಿಗ್ರಿ ಬಿಟ್ಟು ಅಲುಗಾಡದು. ಎಳೆಯುವುದು ಮಗುವೇ ಆಗಿರಬೇಕು. ಪ್ರೊಜೆಕ್ಟರಿನಲ್ಲಿ ಟೀಚರ್ ಎಳೆದು ತೋರಿಸಿದರೆ ಅದು ಬೋರ್ಡಿನ ಚಿತ್ರಕ್ಕಿಂತ ದುಬಾರಿಯಾದ ಚಿತ್ರ.

ಎಐ ಈಗ ಕ್ಷಣದಲ್ಲಿ ಇಪ್ಪತ್ತು ಪ್ರಶ್ನೆ ಬರೆದು ಕೊಡುತ್ತದಲ್ಲ ಎಂದೆ. ಕೊಡುತ್ತದೆ, ಆದರೆ ನಮ್ಮ ಏಳನೇ ಬಿ ಎಡವುವುದು ಎಲ್ಲಿ ಅಂತ ಅದಕ್ಕೆ ಹೇಳಿಕೊಡಬೇಕಾದವಳು ನಾನೇ ಎಂದರು ಅತ್ತಿಗೆ. ಅದಕ್ಕೇ ಅವರು ಹೊಸ ಚಟುವಟಿಕೆ ಹಚ್ಚಿದ್ದಾರೆ. ಪ್ರಶ್ನೆಯನ್ನೂ, ಮೂರು ತಪ್ಪು ಉತ್ತರಗಳನ್ನೂ ಮಕ್ಕಳೇ ಬರೆದು ತರಬೇಕು, ಉಳಿದವರು ರಟ್ಟು ಎತ್ತಬೇಕು. ಕಿರಾಣಿ ಅಂಗಡಿಯವರ ಮಗನೊಬ್ಬ ತಂದದ್ದು ಹೀಗಿತ್ತು: 100 ರೂಪಾಯಿಯ ಎಣ್ಣೆಯ ಬೆಲೆ ಶೇಕಡಾ 10 ಏರಿ, ಆ ಮೇಲೆ ಶೇಕಡಾ 10 ಇಳಿದರೆ ಈಗ ಎಷ್ಟು? ಎ. 100. ಬಿ. 99. ಸಿ. 90. ಡಿ. ಏರಿದ ಬೆಲೆ ಇಳಿಯೋದಿಲ್ಲ. ತರಗತಿಯಲ್ಲಿ ಬಹುಪಾಲು ರಟ್ಟುಗಳು ಡಿ ಬದಿ ಮೇಲಾಗಿ ಎದ್ದವಂತೆ. ಫೋನು ಅವನ್ನೆಲ್ಲ ಕೆಂಪಾಗಿ ತೋರಿಸಿದೆ. ಅತ್ತಿಗೆ ಇನ್ನೂ ಅಂಕ ಕೊಟ್ಟಿಲ್ಲ.